ಟಿವೀಲಿ ಲೋಗೋ, ಪಟ್ಟಿ, ಜಾಹೀರಾತಿನ ಕಾಟ: ಯಾವುದನ್ನ ಓಡಿಸಬಹುದು, ಹೆಂಗೆ ಓಡಿಸೋದು

ಮೊದಲೇ ಹೇಳ್ಬಿಡ್ತೀನಿ, ಚಾನೆಲ್ ಲೋಗೋನ ಪೂರ್ತಿ ತೆಗೆಯೋ ಬಟನ್ ಯಾವ ರಿಮೋಟಲ್ಲೂ ಇಲ್ಲ. ಒಂದೇ ಸೆಟ್ಟಿಂಗಲ್ಲಿ ಲೋಗೋ ಮಾಯ ಅಂತ ಯಾರಾದ್ರೂ ವಿಡಿಯೋ ಹಾಕಿದ್ರೆ ನಂಬೋಕೆ ಹೋಗ್ಬೇಡಿ. ಅದು ಚಾನೆಲ್ ಆಫೀಸಲ್ಲೇ ಹಾಲಿಗೆ ನೀರು ಬೆರೆಸಿದಂಗೆ ಚಿತ್ರಕ್ಕೆ ಬೆರೆತು ಬಂದಿರುತ್ತೆ, ಮನೇಲಿ ಕೂತು ಬೇರೆ ಮಾಡೋಕಾಗಲ್ಲ. ಆದ್ರೆ ಪರದೆ ಮೇಲೆ ಕಾಣೋ ಕಸ ಎಲ್ಲಾ ಚಾನೆಲ್‌ನವರೇ ಹಾಕಿದ್ದಲ್ಲ ಕಣ್ರೀ. ಒಂದಿಷ್ಟು ಚಾನೆಲ್‌ದು, ಒಂದಿಷ್ಟು ಕೇಬಲ್ ಅಥವಾ ಡಿಶ್ ಕಂಪನಿದು, ಒಂದಿಷ್ಟು ಸೆಟಪ್ ಬಾಕ್ಸ್‌ದು, ಇನ್ನೊಂದಿಷ್ಟು ನೀವು ದುಡ್ಡು ಕೊಟ್ಟು ತಂದ ಟಿವೀದೇ. ಯಾವುದು ಯಾರದು ಅಂತ ಗೊತ್ತಿಲ್ದೆ ಎಲ್ಲದಕ್ಕೂ ಪಾಪ ಆ ಕೇಬಲ್ ಹುಡುಗನಿಗೆ ಫೋನ್ ಮಾಡಿ ಬೈತೀವಿ, ಅವನು ಬಂದು ವೈರ್ ಕಿತ್ತು ಮತ್ತೆ ಸಿಕ್ಕಿಸಿ ಈಗ ಸರಿ ಹೋಗುತ್ತೆ ಸಾರ್ ಅಂತ ಹೊರಟೋಗ್ತಾನೆ.

ಕಾಟ ಎಷ್ಟು ಅಂತ ನೋಡ್ಬೇಕಂದ್ರೆ ವಿಜಯದಶಮಿ ದಿನ ನೋಡಿ. ಮೈಸೂರಲ್ಲೇ ಇದ್ಕೊಂಡು ಆ ಜನಜಂಗುಳೀಲಿ ಯಾರು ಹೋಗ್ತಾರೆ ಅಂತ ಮನೇಲೇ ಟಿವಿ ಮುಂದೆ ಕೂರೋರು ನಮ್ಮ ಬೀದೀಲೇ ಬೇಕಾದಷ್ಟಿದಾರೆ. ಖಾಸಗಿ ಚಾನೆಲ್ ಒಂದು ಹಾಕ್ಕೊಂಡ್ರೆ ಬಲಗಡೆ ಮೇಲೆ ಲೋಗೋ, ಅದರ ಕೆಳಗೆ ಲೈವ್ ಅಂತ ಕೆಂಪು ಡಬ್ಬಿ, ಎಡಗಡೆ ದಸರಾ ಅಂತ ಗಿರಗಿರ ತಿರುಗೋ ಗ್ರಾಫಿಕ್ಸು, ಅದಕ್ಕೆ ಯಾರೋ ಪ್ರಾಯೋಜಕರ ಹೆಸರು, ಕೆಳಗೆ ದಪ್ಪ ಅಕ್ಷರದ ಹೆಡ್‌ಲೈನು, ಅದರ ಕೆಳಗೆ ಓಡೋ ಪಟ್ಟಿ. ಇಷ್ಟರ ಮಧ್ಯೆ ಉಳಿದ ಕಿಂಡೀಲಿ ಆನೆ ಬರ್ಬೇಕು. ಸರಿಯಾಗಿ ಅಂಬಾರಿಗೆ ಪುಷ್ಪಾರ್ಚನೆ ಆಗೋ ಹೊತ್ತಿಗೆ ಚಿತ್ರ ಕುಗ್ಗಿ ಮೂಲೆಗೆ ಹೋಗುತ್ತೆ, ಎಡಗಡೆ ಮತ್ತು ಕೆಳಗಡೆ ಎಲ್ ಆಕಾರದಲ್ಲಿ ಪಂಚೆನೋ ಸಿಮೆಂಟೋ ಜಾಹೀರಾತು ಬಂದು ಕೂರುತ್ತೆ, 750 ಕೆಜಿ ಚಿನ್ನದ ಅಂಬಾರಿ ಅಂಗೈಯಗಲ ಆಗೋಗುತ್ತೆ. ಮನೇಲಿ ಅಜ್ಜಿ ಕೈ ಮುಗಿಯೋಕೆ ದೇವಿ ಮುಖ ಹುಡುಕ್ತಾ ಇರ್ತಾರೆ.

ಸರಿ, ಯಾರದು ಅಂತ ಕಂಡುಹಿಡಿಯೋದು ಹೆಂಗೆ. ಮೊದಲು ಚಾನೆಲ್ ಬದಲಾಯಿಸಿ. ಪಕ್ಕದ ಚಾನೆಲ್ಲಲ್ಲೂ ಅದೇ ಜಾಗದಲ್ಲಿ ಅದೇ ಮಸುಕು ಹೆಸರು ಇದ್ರೆ ಅದು ಕೇಬಲ್ ಅಥವಾ ಡಿಟಿಎಚ್ ಕಂಪನಿದು. ದುಡ್ಡು ಕೊಟ್ಟು ನೋಡೋ ಪೇ ಚಾನೆಲ್‌ಗಳ ಮೇಲೆ ಕಂಪನಿಯವರು ತಮ್ಮ ವಾಟರ್‌ಮಾರ್ಕ್ ಲೋಗೋ ಹಾಕ್ಬೇಕು ಅಂತ ಟ್ರಾಯ್, ಅಂದ್ರೆ ಕೇಂದ್ರದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲೇ ಇದೆ, ಯಾರಾದ್ರೂ ಆ ಫೀಡ್ ಕದ್ದು ಬೇರೆ ಕಡೆ ಬಿಟ್ರೆ ಎಲ್ಲಿಂದ ಹೋಯ್ತು ಅಂತ ಗೊತ್ತಾಗ್ಲಿ ಅಂತ. ಹಂಗಾಗಿ ಅದ್ರ ಜೊತೆ ಜಗಳಕ್ಕೆ ಹೋದ್ರೆ ಟೈಮ್ ವೇಸ್ಟು. ಇದ್ದಕ್ಕಿದ್ದಂಗೆ ಪರದೆ ಮಧ್ಯ ಉದ್ದ ನಂಬರ್ ಒಂದು ಬಂದು ಹೋಗುತ್ತಲ್ಲ, ಅದೂ ಇದೇ ಜಾತಿದು. ಫಿಂಗರ್‌ಪ್ರಿಂಟಿಂಗ್ ಅಂತಾರೆ, ಆ ನಂಬರು ನಿಮ್ಮ ಬಾಕ್ಸ್‌ದೋ ಕಾರ್ಡ್‌ದೋ. ಬಾಕ್ಸ್ ಕೆಟ್ಟಿದೆ ಅಂತಲೂ ಅಲ್ಲ, ಯಾರೋ ಹ್ಯಾಕ್ ಮಾಡಿದಾರೆ ಅಂತಲೂ ಅಲ್ಲ, ಕೆಲವು ಸೆಕೆಂಡ್ ಸುಮ್ನಿರಿ ಹೋಗುತ್ತೆ.

ಆಮೇಲೆ ರಿಮೋಟಲ್ಲಿ ಎಕ್ಸಿಟ್ ಅಥವಾ ಬ್ಯಾಕ್ ಒತ್ತಿ. ಒತ್ತಿದ ತಕ್ಷಣ ಹೋಯ್ತು ಅಂದ್ರೆ ಅದು ಬಾಕ್ಸ್ ತೋರಿಸ್ತಿದ್ದ ಬ್ಯಾನರು. ಹೋಗ್ಲಿಲ್ಲ ಅಂದ್ರೆ ಟಿವಿ ಇನ್‌ಪುಟ್ ಬದಲಾಯಿಸಿ ಖಾಲಿ ಇರೋ ಎಚ್‌ಡಿಎಂಐಗೆ ಹೋಗಿ, ಅಲ್ಲೂ ಇದೆ ಅಂದ್ರೆ ಅದು ಟಿವೀದೇ. ಈ ಎಲ್ಲಾ ಪರೀಕ್ಷೆ ಪಾಸಾಗಿ ಉಳ್ಕೊಂಡಿದ್ದು ಮಾತ್ರ ಚಾನೆಲ್‌ದು.

ಟಿವೀದು ಅಂದ್ರೆ ನಗ್ಬೇಡಿ. ಹೊಸ ಟಿವಿ ತಂದೋರ ಮನೇಲಿ ಮೂಲೇಲಿ 4ಕೆ, ಎಚ್‌ಡಿಆರ್, ಡಾಲ್ಬಿ ಅಂತೆಲ್ಲಾ ಒಂದು ಪಟ್ಟಿ ತಾನಾಗೇ ಬಂದು ಬಂದು ಹೋಗ್ತಿರುತ್ತೆ, ಅದನ್ನ ಚಾನೆಲ್ ಜಾಹೀರಾತು ಅಂದ್ಕೊಂಡು ತಿಂಗಳುಗಟ್ಟಲೆ ಸಹಿಸ್ಕೊಂಡಿರೋರಿದಾರೆ. ಇನ್‌ಸ್ಟಾಲ್ ಮಾಡೋಕೆ ಬಂದೋನು ಅವಸರದಲ್ಲಿ ಸ್ಟೋರ್ ಮೋಡ್‌ನಲ್ಲಿ ಬಿಟ್ಟು ಹೋಗಿರ್ತಾನೆ, ಅಂಗಡೀಲಿ ಗಿರಾಕಿಗೆ ತೋರಿಸೋ ಮೋಡ್ ಅದು. ಸೆಟ್ಟಿಂಗ್ಸಲ್ಲಿ ಜನರಲ್ ಅಥವಾ ಸಿಸ್ಟಮ್ ಅನ್ನೋದ್ರ ಒಳಗೆ ಹುಡುಕಿ ಹೋಮ್ ಮೋಡ್ ಮಾಡಿ, ಸ್ಟೋರ್ ಮೋಡ್‌ಗೆ ಕೆಲವು ಟಿವೀಲಿ ರೀಟೇಲ್ ಮೋಡ್, ಡೆಮೋ ಮೋಡ್ ಅಂತ ಹೆಸರಿರುತ್ತೆ. ಪಟ್ಟಿನೂ ಹೋಗುತ್ತೆ, ಕಣ್ಣು ಕುಕ್ಕೋ ಬಣ್ಣನೂ ಕಮ್ಮಿ ಆಗುತ್ತೆ.

ಸ್ಮಾರ್ಟ್ ಟಿವಿ ಆದ್ರೆ ಆನ್ ಮಾಡಿದ ತಕ್ಷಣ ಅರ್ಧ ಪರದೆ ತುಂಬ ಯಾವುದೋ ಸಿನಿಮಾ, ಯಾವುದೋ ಆಪ್‌ನ ಪೋಸ್ಟರು. ಗೂಗಲ್ ಟಿವಿ ಇದ್ರೆ ಸೆಟ್ಟಿಂಗ್ಸಲ್ಲಿ ಅಕೌಂಟ್ಸ್ ಒಳಗೆ ನಿಮ್ಮ ಪ್ರೊಫೈಲ್‌ಗೆ ಹೋಗಿ ಆಪ್ಸ್ ಓನ್ಲಿ ಮೋಡ್ ಆನ್ ಮಾಡಿ, ಶಿಫಾರಸು ಎಲ್ಲಾ ಬಹಳ ಮಟ್ಟಿಗೆ ಹೋಗುತ್ತೆ, ಆದ್ರೆ ವಾಯ್ಸ್ ಸರ್ಚೂ ಕೆಲಸ ಮಾಡಲ್ಲ, ಅದು ಬೇಕು ಅನ್ನೋರು ಯೋಚ್ನೆ ಮಾಡಿ. ಎಲ್‌ಜಿಲಿ ಹೋಮ್ ಪ್ರಮೋಷನ್ ಅಂತ ಒಂದು ಆಯ್ಕೆ ಇದೆ, ಅದನ್ನ ಆಫ್ ಮಾಡಿ. ಇದರ ಜೊತೆಗೆ ಇನ್ನೊಂದು ಕೆಲಸ ಖಂಡಿತ ಮಾಡಿ. ಈ ಟಿವಿಗಳು ನೀವು ಏನು ನೋಡ್ತಿದೀರ ಅಂತ ಪರದೆ ಮೇಲಿನ ಚಿತ್ರನೇ ಗುರುತು ಹಿಡಿದು ಕಂಪನಿಗೆ ಕಳಿಸ್ತಾವೆ, ಎಚ್‌ಡಿಎಂಐಲಿ ಹಾಕಿದ ಕೇಬಲ್ ಬಾಕ್ಸ್‌ದೂ ಬಿಡಲ್ಲ. ಸ್ಯಾಮ್ಸಂಗಲ್ಲಿ ವ್ಯೂಯಿಂಗ್ ಇನ್ಫರ್ಮೇಷನ್ ಸರ್ವೀಸಸ್, ಎಲ್‌ಜಿಲಿ ಲೈವ್ ಪ್ಲಸ್ ಅಂತ ಇರುತ್ತೆ, ಪ್ರೈವೆಸಿ ಮೆನುಗೆ ಹೋಗಿ ಟಿಕ್ ತೆಗೀರಿ. ಸ್ವಲ್ಪ ಕೈ ಆಡೋರು ಟಿವಿಯ ನೆಟ್‌ವರ್ಕ್ ಸೆಟ್ಟಿಂಗಲ್ಲಿ ಡಿಎನ್‌ಎಸ್ (ಇಂಟರ್ನೆಟ್ಟಲ್ಲಿ ವಿಳಾಸ ಹುಡುಕಿಕೊಡೋ ಸರ್ವರ್) ಜಾಗಕ್ಕೆ 94.140.14.14 ಹಾಕಿ, ಅದು ಆಡ್‌ಗಾರ್ಡ್‌ನವರ ಫ್ರೀ ಡಿಎನ್‌ಎಸ್, ಮೆನು ಜಾಹೀರಾತುಗಳಲ್ಲಿ ಒಂದಿಷ್ಟು ಅಲ್ಲೇ ನಿಂತೋಗುತ್ತೆ. ಯೂಟ್ಯೂಬ್ ಜಾಹೀರಾತು ಇದ್ರಿಂದ ನಿಲ್ಲಲ್ಲ, ಕೇಬಲ್ ಚಾನೆಲ್‌ದಂತೂ ಇಂಟರ್ನೆಟ್ಟಲ್ಲೇ ಬರಲ್ಲ, ಆ ಆಸೆ ಇಟ್ಕೋಬೇಡಿ.

ಬಾಕ್ಸ್ ವಿಷ್ಯ ಸಣ್ಣದು. ಚಾನೆಲ್ ಬದಲಾಯಿಸಿದಾಗಲೆಲ್ಲ ಕೆಳಗೆ ಬರೋ ಬ್ಯಾನರಲ್ಲಿ ಈಗೀಗ ಜಾಹೀರಾತೂ ಸೇರ್ಕೊಂಡಿರುತ್ತೆ. ಬಾಕ್ಸ್ ಮೆನುವಿನಲ್ಲಿ ಬ್ಯಾನರ್ ಟೈಮ್ ಔಟ್ ಅಥವಾ ಅದೇ ತರ ಏನಾದ್ರೂ ಹೆಸರಿದ್ರೆ ಎಷ್ಟು ಕಮ್ಮಿ ಆಗುತ್ತೋ ಅಷ್ಟಕ್ಕೆ ಇಳಿಸಿ. ಆನ್ ಮಾಡಿದ್ರೆ ಯಾವುದೋ ಟೆಲಿಶಾಪಿಂಗ್ ಚಾನೆಲ್ಲೇ ಮೊದಲು ಬರುತ್ತೆ ಅನ್ನೋರು ಸ್ಟಾರ್ಟ್ ಅಪ್ ಚಾನೆಲ್ ಅಂತ ಇದ್ಯಾ ನೋಡಿ, ಇಲ್ದಿದ್ರೆ ಬಾಕ್ಸನ್ನ ಪೂರ್ತಿ ಆಫ್ ಮಾಡದೆ ಸ್ಟ್ಯಾಂಡ್‌ಬೈನಲ್ಲಿ ಬಿಟ್ಟು ನೋಡಿ, ಕೆಲವು ಬಾಕ್ಸ್ ಕೊನೇಲಿ ನೋಡಿದ ಚಾನೆಲ್ಲಿಗೇ ವಾಪಸ್ ಬರ್ತವೆ.

ಈಗ ಕೆಳಗಿನ ಪಟ್ಟಿಗೆ ಬರೋಣ. ಇಲ್ಲಿ ನಿಮ್ಮ ಅಸ್ತ್ರ ಝೂಮ್. ಟಿವೀಲಿ ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ರೇಶಿಯೋ ಅಂತ ಇರುತ್ತಲ್ಲ, ಅದ್ರಲ್ಲಿ ಬರೀ ಝೂಮ್ ಹಾಕಿದ್ರೆ ನಾಲ್ಕೂ ಕಡೆ ಒಂದೇ ಸಮ ಕತ್ತರಿಸಿ ಆಂಕರ್ ತಲೇನೇ ಹಾರಿಸಿಬಿಡುತ್ತೆ. ಅದಕ್ಕೆ ವರ್ಟಿಕಲ್ ಝೂಮ್ ಅಥವಾ ಕಸ್ಟಮ್ ಅನ್ನೋದನ್ನ ತಗೊಳ್ಳಿ, ಚಿತ್ರವನ್ನ ಸ್ವಲ್ಪ ಎಳೆದು, ಆಮೇಲೆ ಆರೋ ಬಟನ್ನಲ್ಲಿ ಇಡೀ ಚಿತ್ರವನ್ನ ಕೆಳಗೆ ತಳ್ಳಿ, ಓಡೋ ಪಟ್ಟಿ ಪರದೆ ಆಚೆಗೆ ಬಿದ್ದೋಗುತ್ತೆ, ತಲೆ ಉಳಿಯುತ್ತೆ. ಬಾಕ್ಸಲ್ಲೂ ಝೂಮ್ ಇರುತ್ತೆ, ಎರಡು ಕಡೆನೂ ಮಾಡೋಕೋಗ್ಬೇಡಿ, ಬಾಕ್ಸನ್ನ 16:9ಗೆ ಬಿಟ್ಟು ಟಿವೀಲಿ ಮಾತ್ರ ಮಾಡಿ. ಮೂಲೆ ಲೋಗೋನೂ ಹಿಂಗೇ ಓಡಿಸ್ತೀನಿ ಅಂತ ಹೊರಟ್ರೆ ಚಿತ್ರದಲ್ಲಿ ಬಹಳ ಭಾಗ ಕಳ್ಕೋಬೇಕಾಗುತ್ತೆ, ನನ್ನ ಕೇಳಿದ್ರೆ ಬೇಡ. ಎಲ್ ಆಕಾರದ ಜಾಹೀರಾತಿಗೆ ಝೂಮ್ ಹಾಕೋದೂ ಅಷ್ಟೇ, ರಿಮೋಟ್ ದಿಂಬಿನ ಕೆಳಗಿಂದ ಹುಡುಕಿ ತೆಗೆಯೋ ಹೊತ್ತಿಗೆ ಅದೇ ಹೋಗಿರುತ್ತೆ. ಕ್ರಿಕೆಟ್ ಇದ್ದಾಗ ಝೂಮ್ ತೆಗೆದುಬಿಡಿ, ಇಲ್ಲಾಂದ್ರೆ ಸ್ಕೋರ್ ಕಾಣಲ್ಲ.

ಆದ್ರೆ ಮನೇಲಿರೋ ಎಲ್ಲರನ್ನೂ ಕೇಳಿ ಮಾಡಿ. ಮದ್ದೂರ್ ಕಡೆ ನಮ್ಮ ದೊಡ್ಡಪ್ಪನ ಮನೇಲಿ ರಜಕ್ಕೆ ಬಂದ ಮೊಮ್ಮಗ ಪಟ್ಟಿ ಕಾಟ ಅಂತ ಹಿಂಗೇ ಎಳೆದು ಕೆಳಗೆ ತಳ್ಳಿ ಇಟ್ಟಿದ್ದ. ಸಾಯಂಕಾಲ ತೋಟದಿಂದ ಬಂದ ದೊಡ್ಡಪ್ಪ ಟಿವಿ ಮುಂದೆ ಕೂತು ಕಾದು ಕಾದು, "ಏನ್ಲಾ ಮಗ, ಕಟ್ಟೆ ನೀರು ಎಷ್ಟಾಯ್ತು ಅಂತ ನೋಡೋ ಸಾಲ್ನೇ ಕಿತ್ತಾಕ್ಬುಟ್ಟಿದ್ದೀಯಲ್ಲೋ" ಅಂತ ಶುರು ಮಾಡಿದ್ರು. "ತಾತ, ಫೋನಲ್ಲಿ ತೋರಿಸ್ತೀನಿ ತಡಿ" ಅಂದ್ರೆ ಕೇಳಲೇ ಇಲ್ಲ. ಮಳೆಗಾಲದಲ್ಲಿ ಮಂಡ್ಯದೋರಿಗೆ ಆ ಪಟ್ಟಿ ಜಾಹೀರಾತಲ್ಲ ಕಣ್ರೀ, ಕೆಆರ್‌ಎಸ್ 124.80 ಅಡಿಗೆ ಎಷ್ಟು ಬಾಕಿ, ಒಳಹರಿವು ಎಷ್ಟು, ನಾಲೆಗೆ ನೀರು ಯಾವಾಗ ಅನ್ನೋದೆಲ್ಲಾ ಅಲ್ಲೇ ಓಡೋದು. ಈ ತರ ಇರೋ ಮನೇಲಿ ನ್ಯೂಸ್‌ಗೆ ಒಂದು ಪಿಕ್ಚರ್ ಮೋಡ್, ಸಿನಿಮಾಕ್ಕೆ ಒಂದು ಅಂತ ರಿಮೋಟ್ ಬಟನ್ ಹೇಳ್ಕೊಟ್ಟುಬಿಡೋದೇ ಲೇಸು.

ಸೆಟ್ಟಿಂಗ್ ತಲೆನೋವು ಬೇಡ ಅನ್ನೋರಿಗೆ ರಟ್ಟು ಇದೆ, ತಮಾಷೆ ಅಲ್ಲ. ಮೈಸೂರ್ ಸ್ಯಾಂಡಲ್ ಸೋಪ್ ಡಬ್ಬದಂಥ ತೆಳು ರಟ್ಟನ್ನ ಉದ್ದಕ್ಕೆ ಕತ್ತರಿಸಿ, ಒಳಗಿನ ಬಿಳೀ ಕಡೆಗೆ ಕಪ್ಪು ಬಣ್ಣ ಬಳಿದು, ಆ ಕಡೆ ನಮ್ಮ ಕಡೆಗಿರೋ ಹಂಗೆ ಟಿವಿ ಮುಂದಿನ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ್ರೆ ಪಟ್ಟಿ ಮುಚ್ಚೋಗುತ್ತೆ, ಬೇಕಾದಾಗ ತೆಗೆದಿಡಬಹುದು. ಆದ್ರೆ ಪರದೆ ಮೇಲೆ ಟೇಪ್ ಮಾತ್ರ ಅಂಟಿಸ್ಬೇಡಿ. ಕಿತ್ತಾಗ ಅಂಟು ಉಳಿಯುತ್ತೆ, ಅದನ್ನ ತೆಗೆಯೋಕೆ ಯಾವುದೋ ಥಿನ್ನರ್ ಹಾಕಿ ಉಜ್ಜಿದ್ರೆ ಪರದೆ ಮೇಲಿನ ಪದರನೇ ಎದ್ದು ಬರುತ್ತೆ.

ಲೋಗೋ ಕಣ್ಣಿಗೆ ಮಾತ್ರ ಅಲ್ಲ, ಕೆಲವು ಟಿವಿಗೂ ತೊಂದ್ರೆ. ದಿನಾ ಬೆಳಗ್ಗೆಯಿಂದ ರಾತ್ರಿವರೆಗೆ ಒಂದೇ ನ್ಯೂಸ್ ಚಾನೆಲ್ ಹಾಕಿಡೋ ಹೋಟೆಲ್ ಟಿವಿ ನೋಡಿರ್ತೀರ, ಯಾರೋ ಹಾಡಿನ ಚಾನೆಲ್ ಹಾಕಿದ್ರೂ ಹಿಂದೆ ಆ ಕೆಂಪು ಪಟ್ಟಿಯ ನೆರಳು ಹಂಗೇ ಕೂತಿರುತ್ತೆ. ಹಳೇ ಪ್ಲಾಸ್ಮಾದಲ್ಲಿ ಇದು ಜಾಸ್ತಿ ಇತ್ತು, ಈಗ ಓಎಲ್‌ಇಡಿ ತಗೊಂಡೋರು ಹುಷಾರಾಗಿರ್ಬೇಕು, ಅದ್ರಲ್ಲಿ ಒಂದೊಂದು ಚುಕ್ಕೆನೂ ತಾನೇ ಬೆಳಗಿ ತಾನೇ ಸವೆಯೋದ್ರಿಂದ ಯಾವಾಗಲೂ ಹೊಳೆಯೋ ಜಾಗ ಬೇಗ ಸವೆಯುತ್ತೆ. ಪಿಕ್ಸೆಲ್ ಶಿಫ್ಟ್ ಅಥವಾ ಸ್ಕ್ರೀನ್ ಶಿಫ್ಟ್ ಆನ್ ಇರ್ಲಿ, ಲೋಗೋ ಬ್ರೈಟ್‌ನೆಸ್ ಅನ್ನೋ ಆಯ್ಕೆ ಇದ್ರೆ ಹೈಗೆ ಹಾಕಿ, ಅದು ಲೋಗೋ ಇರೋ ಜಾಗ ಹುಡುಕಿ ಅಷ್ಟನ್ನ ಮಾತ್ರ ಮಂಕು ಮಾಡುತ್ತೆ. ಲೋಗೋ ಕಾಟಕ್ಕೆ ಟಿವಿ ಕಂಪನಿಯವರೇ ಮಾಡಿಕೊಟ್ಟ ಮದ್ದು ಅಂದ್ರೆ ಇದೊಂದೇ. ರಾತ್ರಿ ಮೇನ್ ಸ್ವಿಚ್ ಆರಿಸ್ಬೇಡಿ, ಸ್ಟ್ಯಾಂಡ್‌ಬೈನಲ್ಲಿ ಇದ್ದಾಗ್ಲೇ ಪರದೆ ತನ್ನನ್ನ ತಾನು ಸರಿ ಮಾಡ್ಕೊಳ್ಳೋದು. ಮಾಮೂಲಿ ಎಲ್‌ಇಡಿ ಟಿವಿಯೋರು ಇಷ್ಟೆಲ್ಲಾ ಹೆದರೋದು ಬೇಡ.

ಸೌಂಡ್ ಬಗ್ಗೆ. ಸೀರಿಯಲ್ಲಲ್ಲಿ ಸೊಸೆ ಪಿಸುಮಾತಲ್ಲಿ ಅಳ್ತಿರ್ತಾಳೆ, ಕೇಳ್ಲಿ ಅಂತ ವಾಲ್ಯೂಮ್ ಏರಿಸಿರ್ತೀವಿ, ತಕ್ಷಣ ಡಿಟರ್ಜೆಂಟ್ ಜಾಹೀರಾತು ಬಂದು ಪಕ್ಕದ ಮನೆ ಮಗು ಎದ್ದು ಅಳುತ್ತೆ. ಜಾಹೀರಾತಲ್ಲಿ ಮೆಲ್ಲಗಿನ ಸದ್ದು ಅನ್ನೋದೇ ಇರಲ್ಲ, ಶುರುವಿಂದ ಕೊನೇವರೆಗೆ ಎಲ್ಲಾ ಸದ್ದನ್ನೂ ಒತ್ತಿ ಮೇಲಿನ ಮಟ್ಟಕ್ಕೇ ತಂದಿಟ್ಟಿರ್ತಾರೆ, ಅದಕ್ಕೇ ಹಂಗೆ ಬಡಿಯೋದು. ಟಿವಿ ಸೌಂಡ್ ಮೆನುವಿನಲ್ಲಿ ಆಟೋ ವಾಲ್ಯೂಮ್ ಅಥವಾ ವಾಲ್ಯೂಮ್ ಲೆವೆಲರ್ ಅಂತ ಹೆಸರಿರೋದನ್ನ ಆನ್ ಮಾಡಿ, ಸೌಂಡ್‌ಬಾರ್ ಇದ್ರೆ ಅದ್ರಲ್ಲಿ ನೈಟ್ ಮೋಡ್. ಹಾಡು ಕೇಳುವಾಗ ಆಫ್ ಮಾಡಿ, ತಬಲಾ ಪೆಟ್ಟೆಲ್ಲಾ ಸಪ್ಪೆ ಆಗೋಗುತ್ತೆ.

ಜಾಹೀರಾತು ಬ್ರೇಕ್ ತಪ್ಪಿಸೋಕೆ ನನಗೆ ಅತಿ ಇಷ್ಟ ಆಗಿರೋ ದಾರಿ ಅಂದ್ರೆ ತಡವಾಗಿ ಶುರು ಮಾಡೋದು. ಬಾಕ್ಸ್ ಹಿಂದೆ ಯುಎಸ್‌ಬಿ ಕಿಂಡಿ ಇದ್ದು ರೆಕಾರ್ಡಿಂಗ್ ಸೌಲಭ್ಯ ಇದ್ರೆ ಒಂದು ಪೆನ್‌ಡ್ರೈವ್ ಸಿಕ್ಕಿಸಿ, ಬಾಕ್ಸೇ ಅದನ್ನ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳುತ್ತೆ, ಅದ್ರಲ್ಲಿ ಮದುವೆ ಫೋಟೋ ಏನಾದ್ರೂ ಇದ್ರೆ ಮೊದಲೇ ಬೇರೆ ಕಡೆ ತೆಗೆದಿಡಿ, ಎಲ್ಲಾ ಅಳಿಸೋಗುತ್ತೆ. ಆಮೇಲೆ ಸೀರಿಯಲ್ ಶುರುವಾದ ತಕ್ಷಣ ಪಾಸ್ ಒತ್ತಿ ಅಡುಗೆಮನೆಗೆ ಹೋಗಿ ಸಾರು ಬಿಸಿ ಮಾಡಿ, ತಟ್ಟೆ ಹಾಕ್ಕೊಂಡು, ಒಂದು ಹತ್ತು ನಿಮಿಷ ಬಿಟ್ಟು ಬಂದು ಪ್ಲೇ ಮಾಡಿ, ಬ್ರೇಕ್ ಬಂದಾಗಲೆಲ್ಲಾ ಫಾರ್ವರ್ಡ್. ಅರ್ಧ ಗಂಟೆ ಕಾರ್ಯಕ್ರಮಕ್ಕೆ ಆ ಅಂತರ ಸಾಕು. ಒಂದು ಗಂಟೆದಕ್ಕೆ ಕಾಲು ಗಂಟೆಗಿಂತ ಜಾಸ್ತಿನೇ ಇಟ್ಕೊಳ್ಳಿ. ರೆಕಾರ್ಡಿಂಗ್‌ಗೆ ಕೆಲವು ಕಂಪನಿಯವರು ಬೇರೆ ದುಡ್ಡು ಕೇಳ್ತಾರೆ, ರೆಕಾರ್ಡ್ ಆಗಿದ್ದು ಆ ಬಾಕ್ಸಲ್ಲಿ ಬಿಟ್ರೆ ಲ್ಯಾಪ್‌ಟಾಪಲ್ಲಿ ಓಡಲ್ಲ, ಇವೆರಡು ಗೊತ್ತಿರ್ಲಿ. ಫೈನಲ್ ಮ್ಯಾಚಿಗೆ ಈ ದಾರಿ ಬೇಡ, ನೀವು ಪ್ಲೇ ಒತ್ತೋ ಮುಂಚೆನೇ ಬೀದೀಲಿ ಪಟಾಕಿ ಹೊಡೆದಿರ್ತಾರೆ.

ಇನ್ನು ಏನು ಮಾಡಿದ್ರೂ ಉಳಿಯೋದು ಚಾನೆಲ್‌ನವರು ಹಾಕೋದು. ಅವರು ಲೋಗೋ ಯಾಕೆ ಬಿಡಲ್ಲ ಅಂದ್ರೆ, ನಾವು ಯಾವ ಚಾನೆಲ್ ನೋಡ್ತಿದೀವಿ ಅಂತ ನಮಗೆ ಹೇಳೋಕಲ್ಲ, ಅದಕ್ಕೆ ರಿಮೋಟಲ್ಲಿ ಇನ್ಫೋ ಬಟನ್ನೇ ಇದೆ. ಟಿಆರ್‌ಪಿಗೂ ಅಲ್ಲ, ಟಿಆರ್‌ಪಿ ಲೆಕ್ಕ ಹಾಕೋ ಬಾರ್ಕ್ ಸಂಸ್ಥೆಯವರ ಮೀಟರು ಚಾನೆಲ್‌ನ ಧ್ವನಿಯೊಳಗೆ ನಮಗೆ ಕೇಳಿಸದ ಹಂಗೆ ಸೇರಿಸಿರೋ ಗುರುತನ್ನ ಹಿಡಿಯೋದು, ಲೋಗೋನ ಅಲ್ಲ. ಅವರಿಗೆ ಬೇಕಾಗಿರೋದು ಆ ತುಣುಕು ನಾಳೆ ವಾಟ್ಸಾಪಲ್ಲಿ ಓಡಾಡುವಾಗ ತಮ್ಮ ಹೆಸರು ಅಂಟ್ಕೊಂಡಿರ್ಬೇಕು, ಪಕ್ಕದ ಚಾನೆಲ್‌ನೋನು ಎತ್ತಿ ಹಾಕಿದ್ರೆ ಸಿಕ್ಕಿಬೀಳ್ಬೇಕು ಅಂತ. ಅದಕ್ಕೆ ಒಂದು ಮೂಲೇಲಿ ಮಸುಕಾಗಿ ಹಾಕಿದ್ರೆ ಸಾಕಪ್ಪ, ಬಣ್ಣಬಣ್ಣವಾಗಿ ತಿರುಗೋದು ಯಾಕೆ ಅನ್ನೋದು ನನ್ನ ತಕರಾರು.

ಲೋಗೋ ಬಗ್ಗೆ ದೂರು ಕೊಟ್ಟು ಗೆಲ್ಲೋದು ಕಷ್ಟ, ಆದ್ರೆ ಪರದೆ ಮೇಲೆ ಹತ್ತಿ ಬರೋ ಜಾಹೀರಾತಿನ ವಿಷ್ಯದಲ್ಲಿ ಕಾನೂನು ನಿಮ್ಮ ಕಡೆಗಿದೆ. ಕೇಬಲ್ ಟೆಲಿವಿಷನ್ ನೆಟ್‌ವರ್ಕ್ಸ್ ನಿಯಮಗಳು 1994, ಅದ್ರ 7ನೇ ನಿಯಮ ಜಾಹೀರಾತು ಸಂಹಿತೆ. ಅದ್ರಲ್ಲಿ 10ನೇ ಉಪನಿಯಮ ಏನನ್ನುತ್ತೆ ಅಂದ್ರೆ ಜಾಹೀರಾತು ಕಾರ್ಯಕ್ರಮದಿಂದ ಬೇರೆಯಾಗಿ ಕಾಣ್ಬೇಕು, ಪರದೆ ಕೆಳಭಾಗದಲ್ಲಿ ನಿಂತ ಅಥವಾ ಓಡೋ ಬರಹ ಹಾಕಿ ಕಾರ್ಯಕ್ರಮಕ್ಕೆ ಅಡ್ಡಿ ಮಾಡ್ಬಾರ್ದು. ಜಾಹೀರಾತಿನ ಸದ್ದು ಅತಿಯಾಗಿರಬಾರದು ಅಂತಲೂ ಅದೇ ಸಂಹಿತೇಲಿ ಇದೆ. ಗಂಟೆಗೆ 12 ನಿಮಿಷ ಮೀರಬಾರದು, 10 ಜಾಹೀರಾತು, 2 ಚಾನೆಲ್‌ನ ಸ್ವಂತ ಪ್ರಚಾರ, ಅನ್ನೋದು 11ನೇ ಉಪನಿಯಮ. ಆದ್ರೆ 12 ನಿಮಿಷದ ಮಿತಿನ ಬಿಗಿಯಾಗಿ ಜಾರಿ ಮಾಡೋಕೆ ಟ್ರಾಯ್ ಹೊರಟಾಗ 2013ರಲ್ಲೇ ಚಾನೆಲ್‌ನವರು ಡೆಲ್ಲಿ ಹೈಕೋರ್ಟ್ ಮೆಟ್ಟಿಲು ಹತ್ತಿದ್ರು, ಹಂಗಾಗಿ ನಿಮಿಷ ಎಣಿಸ್ತಾ ಕೂರೋದಕ್ಕಿಂತ ಕೆಳಭಾಗದ ಅಡ್ಡಿ ಮತ್ತು ಸದ್ದು, ಈ ಎರಡನ್ನ ಹಿಡ್ಕೊಳ್ಳಿ. ಸಿನಿಮಾದಲ್ಲಿ ಸಿಗರೇಟ್ ಸೇದುವಾಗ ಕೆಳಗೆ ಬರೋ ಆರೋಗ್ಯದ ಎಚ್ಚರಿಕೆ ಇದಕ್ಕೆ ಸೇರಲ್ಲ, ಅದು ಸರ್ಕಾರವೇ ಕಡ್ಡಾಯ ಮಾಡಿರೋದು.

ದೂರು ಬರೆಯುವಾಗ ನಿಮ್ಮ ಚಾನೆಲ್ ಬರೀ ಜಾಹೀರಾತು ಅಂತ ಬೈದ್ರೆ ಕಸದ ಬುಟ್ಟಿಗೇ. ಮೊಬೈಲಲ್ಲಿ ಪರದೆಯ ಫೋಟೋ ಅಥವಾ ಸಣ್ಣ ವಿಡಿಯೋ ತೆಗೀರಿ, ಜಾಹೀರಾತು ಏನನ್ನ ಮುಚ್ಚಿದೆ ಅನ್ನೋದು ಅದ್ರಲ್ಲಿ ಕಾಣ್ಬೇಕು, ಸಬ್‌ಟೈಟಲ್ ಮುಚ್ಚಿದ್ರೆ ಇನ್ನೂ ಒಳ್ಳೇದು. ತಾರೀಖು, ಗಂಟೆ ನಿಮಿಷ, ಕಾರ್ಯಕ್ರಮದ ಹೆಸರು, ಜಾಹೀರಾತು ಯಾವ ವಸ್ತುದು, ನಿಯಮ 7ರ 10ನೇ ಉಪನಿಯಮದ ಉಲ್ಲಂಘನೆ ಅಂತ ಒಂದೇ ಸಾಲು. ಇಷ್ಟನ್ನ ಚಾನೆಲ್‌ನ ವೆಬ್‌ಸೈಟಲ್ಲಿ ಕೊಟ್ಟಿರೋ ದೂರು ಅಧಿಕಾರಿಗೆ ಇಮೇಲ್ ಮಾಡಿ, ಕನ್ನಡದಲ್ಲೇ ಬರೀರಿ, ಕನ್ನಡ ಚಾನೆಲ್ ತಾನೇ. 2021ರ ಜೂನಲ್ಲಿ ಬಂದ ತಿದ್ದುಪಡಿ ಪ್ರಕಾರ 24 ಗಂಟೆಯೊಳಗೆ ದೂರು ತಲುಪಿದೆ ಅಂತ ಅವರು ತಿಳಿಸ್ಬೇಕು, 15 ದಿನದಲ್ಲಿ ತೀರ್ಮಾನ ಹೇಳ್ಬೇಕು. ಹೇಳ್ಲಿಲ್ಲ ಅಥವಾ ಹಾರಿಕೆ ಉತ್ತರ ಬಂತು ಅಂದ್ರೆ ಚಾನೆಲ್ ಸದಸ್ಯ ಆಗಿರೋ ಸ್ವಯಂ ನಿಯಂತ್ರಣ ಸಂಸ್ಥೆಗೆ 15 ದಿನದೊಳಗೆ ಮೇಲ್ಮನವಿ, ಅದಾದ್ಮೇಲೆ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ. ಜಾಹೀರಾತಲ್ಲಿ ಹೇಳಿರೋದೇ ಸುಳ್ಳು ಅನ್ನೋ ತಕರಾರು ಆದ್ರೆ ದಾರಿ ಬೇರೆ, ಅದು ಜಾಹೀರಾತು ಉದ್ಯಮದವರೇ ಕಟ್ಕೊಂಡಿರೋ ನಿಗಾ ಸಂಸ್ಥೆ, ಮುಂಬೈನ ಎಎಸ್‌ಸಿಐಗೆ, ಇಲ್ಲಾ ಗ್ರಾಹಕ ಸಹಾಯವಾಣಿ 1915ಕ್ಕೆ. ನಮ್ಮೂರ ಲೋಕಲ್ ಕೇಬಲ್ ಚಾನೆಲ್ಲಲ್ಲಿ ಹಳೇ ಸಿನಿಮಾ ಮೇಲೆ ಒಡವೆ ಅಂಗಡಿ, ಕೋಚಿಂಗ್ ಸೆಂಟರ್ ಹೆಸರು ಮೂರು ಸಾಲಲ್ಲಿ ಓಡ್ತಿದ್ರೆ ಮೊದಲು ಆಪರೇಟರ್ ಹತ್ರನೇ ಮಾತಾಡಿ, ದಿನಾ ಮುಖ ನೋಡೋರು, ಎಷ್ಟೋ ಸಲ ಮಾತಲ್ಲೇ ಮುಗಿಯುತ್ತೆ. ಮುಗೀಲಿಲ್ಲ ಅಂದ್ರೆ ಲೋಕಲ್ ಕೇಬಲ್ ಮೇಲೆ ಕಣ್ಣಿಡೋಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಮಾನಿಟರಿಂಗ್ ಕಮಿಟಿ ಇರುತ್ತೆ, ಅದಕ್ಕೆ ಡಿಸಿ ಆಫೀಸಲ್ಲಿ ಅರ್ಜಿ ಕೊಟ್ಟು ಸೀಲ್ ಹಾಕಿದ ಪ್ರತಿ ಇಸ್ಕೊಳ್ಳಿ.

ದೂರು ಗೀರು ಆಗಲ್ಲಪ್ಪ ಅನ್ನೋರು ದುಡ್ಡಿನ ದಾರಿ ಹಿಡೀರಿ. ಪೇ ಚಾನೆಲ್ ಒಂದೊಂದಕ್ಕೂ ಬೇರೆ ಬೇರೆ ಬೆಲೆ ಇದೆ, ಪ್ಯಾಕ್ ಜೊತೆಗೇ ತಗೋಬೇಕು ಅಂತೇನಿಲ್ಲ, ಬಿಡಿಬಿಡಿಯಾಗಿ ಆರಿಸ್ಕೊಳ್ಳೋ ಹಕ್ಕು 2019ರಿಂದ ಜಾರೀಲಿದೆ. ಆಪಲ್ಲಿ ಲಾಗಿನ್ ಆಗಿ ಕಾಟ ಕೊಡೋ ಚಾನೆಲ್ ತೆಗೆದುಹಾಕಿ, ಆದ್ರೆ ತೆಗೆಯೋ ಮುಂಚೆ ಒಟ್ಟು ಲೆಕ್ಕ ಹಾಕಿ, ಕೆಲವೊಮ್ಮೆ ಬಿಡಿಯಾಗಿ ತಗೊಂಡ್ರೆ ಪ್ಯಾಕಿಗಿಂತ ಜಾಸ್ತಿ ಆಗುತ್ತೆ. ತಿಂಗಳ ಬಾಡಿಗೆನೇ ಬೇಡ ಅಂದ್ರೆ ಡಿಡಿ ಫ್ರೀ ಡಿಶ್ ಇದೆ, ಡಿಶ್ ಮತ್ತು ಬಾಕ್ಸಿಗೆ ಒಂದ್ಸಲ ದುಡ್ಡು ಹಾಕಿದ್ರೆ ಆಯ್ತು, ಚಂದನ ಅದ್ರಲ್ಲೇ ಬರುತ್ತೆ. ಚಂದನದಲ್ಲೂ ಮೂಲೇಲಿ ಲೋಗೋ ಇರುತ್ತೆ, ಅದು ಗೊತ್ತಿದ್ದೇ ಹಾಕಿಸ್ಕೊಳ್ಳಿ.